ಹಳೆ ಇಪಿಎಬಿಎಕ್ಸನ್ನು ಆಫೀಸ್ ಕಂಪ್ಯೂಟರಿಗೆ ಕನೆಕ್ಟ್ ಮಾಡ್ಲಿಕ್ಕೆ ಆಗ್ತದಾ? (ಮಲ್ಪೆ)

ಮಲ್ಪೆ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನ ಆಫೀಸಲ್ಲಿ ಲೆಕ್ಕ ಬರೆಯುವವ. ಫೋನಿನ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ, ಆದ್ರೆ ಈ ಕೆಲ್ಸ ಈಗ ನನ್ನ ತಲೆಗೇ ಬಂದಿದೆ. ನಮ್ಮಲ್ಲಿ ಒಂದು ಹಳೆ ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಫೋನ್ ಎಕ್ಸ್‌ಚೇಂಜ್ ಬಾಕ್ಸು) ಉಂಟು, ಮೂರು ಲ್ಯಾಂಡ್‌ಲೈನ್ ಅದಕ್ಕೆ ಬರ್ತದೆ, ಅಲ್ಲಿಂದ ಎಂಟು ಎಕ್ಸ್‌ಟೆನ್ಶನ್ ಹೋಗ್ತದೆ, ಆಫೀಸು, ಓನರ್ ರೂಮು, ಗೇಟು, ಕ್ರಷರ್ ಹತ್ರ, ಹೀಗೆ.

ಸಮಸ್ಯೆ ಎಂತದ್ದು ಅಂದ್ರೆ ಬೋಟಿನವ್ರು ಬೆಳಗ್ಗಿನ ಜಾವ ಮೂರು ನಾಲ್ಕು ಗಂಟೆಗೆ ಫೋನ್ ಮಾಡಿ ಐಸ್ ಹೇಳ್ತಾರೆ, ಕ್ರಷರಿನ ಶಬ್ದದಲ್ಲಿ ರಾತ್ರಿ ಡ್ಯೂಟಿ ಹುಡುಗನಿಗೆ ಬೋಟಿನ ಹೆಸರು ಸರಿ ಕೇಳುದಿಲ್ಲ, ಅವ ಎಂತದೋ ಬರೆದಿಡ್ತಾನೆ, ಬೆಳಿಗ್ಗೆ ನಾನು ಬಂದು ನೋಡಿದ್ರೆ ಯಾರು ಹೇಳಿದ್ದು ಅಂತ ಗೊತ್ತಾಗುದಿಲ್ಲ. ಕಳೆದ ಸೀಸನಲ್ಲಿ ಒಬ್ಬರು ತಾಂಡೇಲರು (ಬೋಟು ನಡೆಸುವವ್ರು) ಮೂರು ಸಲ ರಿಂಗ್ ಮಾಡಿದ್ರಂತೆ, ಯಾರೂ ಎತ್ಲಿಲ್ಲ, ಬೋಟು ದಕ್ಕೆಯಲ್ಲಿ ಕಾದು ಕಾದು ಕಡೆಗೆ ಬೇರೆ ಕಡೆಯಿಂದ ಐಸ್ ತುಂಬಿಸಿಕೊಂಡು ಹೋಯ್ತು. ಇಪ್ಪತ್ತು ವರ್ಷದ ಗಿರಾಕಿ ಅವ್ರು. ನನಗೆ ತುಂಬ ಬೇಸರ ಆಯ್ತು.

ಹಾಗಾಗಿ ಯಾವ ನಂಬರಿಂದ ಕಾಲ್ ಬಂತು, ಎಷ್ಟು ಗಂಟೆಗೆ, ಎತ್ತಿದ್ರಾ ಇಲ್ವಾ, ಇಷ್ಟು ಕಂಪ್ಯೂಟರಲ್ಲಿ ತನ್ನಷ್ಟಕ್ಕೆ ಬಂದು ಕೂತ್ರೆ ಸಾಕು. ರಿಂಗ್ ಆಗುವಾಗಲೇ ಬೋಟಿನ ಹೆಸರು ಸ್ಕ್ರೀನಲ್ಲಿ ಕಂಡ್ರೆ ಇನ್ನೂ ಒಳ್ಳೇದು. ಈಗ ಮೀನುಗಾರಿಕೆ ಬಂದ್, ಜುಲೈ 31ರ ವರೆಗೆ ಟೈಮ್ ಉಂಟು, ಆಗಸ್ಟ್ 1ಕ್ಕೆ ಬೋಟು ಹೊರಡುವ ಮುಂಚೆ ಆಗ್ಬೇಕು. ಹೊಸ ಸಿಸ್ಟಮ್ ಹಾಕಿ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ, ಓನರ್ ರೇಟ್ ನೋಡಿ ಬೇಡ ಅಂದ್ರು. ಒಂದು ಎಕ್ಸ್‌ಟೆನ್ಶನ್ ವಯರನ್ನೇ ತೆಗ್ದು ಕಂಪ್ಯೂಟರಿನ ನೆಟ್‌ವರ್ಕ್ ಸಾಕೆಟಿಗೆ ಹಾಕಿದ್ರೆ ಬರ್ತದಾ? ಪಿನ್ ಒಳಗೆ ಹೋಗ್ತದೆ, ನೋಡಿದ್ದೇನೆ.

ಬೈಕಂಪಾಡಿ_ವಯರಿಂಗ್:
ಅದನ್ನು ಮಾತ್ರ ಮಾಡ್ಬೇಡಿ ಮಾರಾಯ್ರೆ! ಇವತ್ತೇ ಹೇಳಿಬಿಡ್ತೇನೆ. ಫೋನಿನ ಚಿಕ್ಕ ಪಿನ್ ನೆಟ್‌ವರ್ಕ್ ಸಾಕೆಟಿನ ಒಳಗೆ ಹೋಗ್ತದೆ ನಿಜ, ಹೋಗುದೇ ತೊಂದ್ರೆ. ಟೆಲಿಫೋನ್ ಲೈನಲ್ಲಿ ಸುಮ್ಮನೆ ಇರುವಾಗಲೇ ಸುಮಾರು 48 ವೋಲ್ಟ್ ಡಿಸಿ ಇರ್ತದೆ (ಇಪಿಎಬಿಎಕ್ಸ್ ಎಕ್ಸ್‌ಟೆನ್ಶನಲ್ಲಿ ಕೆಲವು ಸಲ ಕಮ್ಮಿ), ರಿಂಗ್ ಬರುವಾಗ ಅದರ ಮೇಲೆ 75 ವೋಲ್ಟಿನ ಆಸುಪಾಸು ಎಸಿ ಬರ್ತದೆ. ಲ್ಯಾನ್ ಕಾರ್ಡು ಅದಕ್ಕೆ ಮಾಡಿದ್ದಲ್ಲ. ನಾನು ಒಂದು ಆಫೀಸಿಗೆ ಹೋದಾಗ ಹೀಗೇ ಹಾಕಿಟ್ಟಿದ್ರು, ಮೊದಲ ರಿಂಗಿಗೇ ಲ್ಯಾನ್ ಪೋರ್ಟ್ ಹೋಗಿತ್ತು. ಮೈಕ್ ಇಯರ್‌ಫೋನ್ ಜಾಕಿಗೂ ನೇರ ಕೊಡ್ಬಾರ್ದು.

ಈಗ ಒಂದು ಕೆಲ್ಸ ಮಾಡಿ. ಇಪಿಎಬಿಎಕ್ಸ್ ಬಾಕ್ಸಿನ ಅಡಿ ಅಥವಾ ಬದಿಯಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಉಂಟಾ ನೋಡಿ, ಹಳೆ ಕಂಪ್ಯೂಟರಿಗೆ ಮೌಸ್ ಹಾಕ್ತಿದ್ದ ಹಾಗಿನದ್ದು. ಪ್ರಿಂಟರ್ ಅಂತಲೋ ಎಸ್‌ಎಂಡಿಆರ್ (ಅಂದ್ರೆ ಕಾಲ್‌ಗಳ ದಾಖಲೆ) ಅಂತಲೋ ಬರೆದಿರ್ತದೆ. ಅದು ಇದ್ರೆ ನಿಮಗೆ ಬೇಕಾದ ಅರ್ಧ ಕೆಲ್ಸ ಆ ಬಾಕ್ಸೇ ಮಾಡ್ತಾ ಉಂಟು, ಪ್ರತಿ ಕಾಲಿಗೂ ಒಂದು ಸಾಲು ಹೊರಗೆ ಕಳಿಸ್ತದೆ: ತಾರೀಕು, ಟೈಮು, ಯಾವ ಲೈನು, ಯಾವ ಎಕ್ಸ್‌ಟೆನ್ಶನ್, ಎಷ್ಟು ಹೊತ್ತು, ನಂಬರು. ಮೊದಲೆಲ್ಲ ಅದಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಾಕಿ ಎಸ್‌ಟಿಡಿ ಬಿಲ್ ಹಿಡೀತಿದ್ರು. ಈಗ ಪ್ರಿಂಟರ್ ಜಾಗದಲ್ಲಿ ಕಂಪ್ಯೂಟರ್, ಅಷ್ಟೇ.

ಮಲ್ಪೆ_ಲೆಕ್ಕ:
ಪೋರ್ಟ್ ಉಂಟು! ಗೋಡೆಗೆ ತಾಗಿ ಇದ್ದದ್ದರಿಂದ ಇಷ್ಟು ವರ್ಷ ಯಾರೂ ನೋಡಿರ್ಲಿಲ್ಲ. ಟಾರ್ಚ್ ಹಾಕಿ ನೋಡಿದ್ರೆ ಪಿನ್ನಿಗೆಲ್ಲ ಹಸಿರು ಕಿಲುಬು ಹಿಡಿದಿದೆ, ಉಪ್ಪುಗಾಳಿ ಅಲ್ವಾ ಇಲ್ಲಿ. ಉಡುಪಿಯಿಂದ ಯುಎಸ್‌ಬಿ ಟು ಸೀರಿಯಲ್ ಕೇಬಲ್ ತಂದು ಹಾಕಿದೆ, ಪೋರ್ಟಿಂದ ಬರುವುದನ್ನು ಸ್ಕ್ರೀನಲ್ಲಿ ತೋರಿಸುವ ಪುಟ್ಟಿ ಅಂತ ಸಾಫ್ಟ್‌ವೇರ್ ಇಳಿಸಿದೆ. ಕಾಲ್ ಮಾಡಿದ್ರೆ ಎಂತದೂ ಬರುದಿಲ್ಲ, ಕಪ್ಪು ಸ್ಕ್ರೀನ್ ಹಾಗೇ ಇರ್ತದೆ.

ಮಣಿಪಾಲ_ಸೀರಿಯಲ್:
ನಾನು ಒಂದು ಕಾಲದಲ್ಲಿ ಇಂಥ ಬಾಕ್ಸುಗಳ ಸರ್ವಿಸ್ ಮಾಡಿದವನು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೊಬೇಡಿ.

ಮೊದ್ಲು ಕಿಲುಬು ತೆಗೀರಿ. ಬಾಕ್ಸಿನ ಕರೆಂಟ್ ಆಫ್ ಮಾಡಿ, ಹಳೆ ಟೂತ್‌ಬ್ರಶ್ಶಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಉಜ್ಜಿ, ಪಿನ್ ಬಗ್ಗಬಾರದು. ಒಣಗಿದ ಮೇಲೆ ಆನ್ ಮಾಡಿ.

ಎಂತದೂ ಬರದಿದ್ರೆ ಹೆಚ್ಚಾಗಿ ಕಳಿಸುವ ವಯರು, ಪಡೆಯುವ ವಯರು ಅದಲುಬದಲು ಆಗಿರ್ತದೆ. ಕಂಪ್ಯೂಟರ್ ಕಡೆ 2ನೇ ಪಿನ್ ಪಡೆಯುವುದು, 3ನೇದು ಕಳಿಸುವುದು, 5ನೇದು ಗ್ರೌಂಡು, ಇದು ಖಾಯಂ. ಇಪಿಎಬಿಎಕ್ಸ್ ಕಡೆ ಒಂದೊಂದು ಕಂಪೆನಿಯವರು ಒಂದೊಂದು ರೀತಿ ಮಾಡಿರ್ತಾರೆ. ಮಲ್ಟಿಮೀಟರ್ ಇದ್ಯಾ? ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ವಯರನ್ನು ಬಾಕ್ಸಿನ 5ನೇ ಪಿನ್ನಿಗೆ ಹಿಡೀರಿ, ಕೆಂಪನ್ನು 2ಕ್ಕೆ ಒಮ್ಮೆ 3ಕ್ಕೆ ಒಮ್ಮೆ ಮುಟ್ಟಿಸಿ. ಯಾವುದರಲ್ಲಿ ಮೈನಸ್ 5ರಿಂದ ಮೈನಸ್ 12ರ ಒಳಗೆ ತೋರಿಸ್ತದೋ ಅದೇ ಬಾಕ್ಸು ಮಾತಾಡುವ ಪಿನ್. ಅದು ಕಂಪ್ಯೂಟರಿನ 2ಕ್ಕೆ ಬರಬೇಕು. ಬಾಕ್ಸಲ್ಲಿಯೂ 3ರಲ್ಲಿ ಮೈನಸ್ ಬಂದ್ರೆ ನಿಮಗೆ ಬೇಕಾದ್ದು ನಲ್ ಮೋಡೆಮ್ ಕೇಬಲ್, ಅಂದ್ರೆ ಒಳಗೆ 2-3 ಕ್ರಾಸ್ ಮಾಡಿದ್ದು. ಎರಡರಲ್ಲೂ ಸೊನ್ನೆ ಬಂದ್ರೆ ಪೋರ್ಟೇ ಸತ್ತಿರಬಹುದು.

ಆಮೇಲೆ ಬಾಡ್ ರೇಟ್, ಅಂದ್ರೆ ಡೇಟಾ ಬರುವ ಸ್ಪೀಡ್. ಪುಟ್ಟಿಯಲ್ಲಿ 9600, 8 ಬಿಟ್, ನೋ ಪ್ಯಾರಿಟಿ, 1 ಸ್ಟಾಪ್ ಬಿಟ್ ಇಟ್ಟು ಶುರು ಮಾಡಿ, ಫ್ಲೋ ಕಂಟ್ರೋಲನ್ನು ನನ್ (None) ಅಂತ ಮಾಡಿ. ಚೌಕ ಚೌಕ ಅಕ್ಷರ ಬಂದ್ರೆ ಹೆದರಬೇಡಿ, ಅದು ಒಳ್ಳೆ ಲಕ್ಷಣ, ವಯರ್ ಸರಿ ಇದೆ ಸ್ಪೀಡ್ ಮಾತ್ರ ತಪ್ಪು ಅಂತ ಅರ್ಥ. 4800, 2400, 1200 ಒಂದೊಂದೇ ನೋಡಿ. ಕೆಲವು ಬಾಕ್ಸು ಆ ಕಡೆಯಿಂದ ರೆಡಿ ಅಂತ ಸಿಗ್ನಲ್ ಬಂದ್ರೆ ಮಾತ್ರ ಕಳಿಸ್ತದೆ, ಅಂಥದ್ದಕ್ಕೆ ಬಾಕ್ಸ್ ಕಡೆ ಕನೆಕ್ಟರಲ್ಲಿ 7 ಮತ್ತು 8 ಸೇರಿಸಿದ್ರೆ ಸಾಮಾನ್ಯವಾಗಿ ಸಾಕಾಗ್ತದೆ. ಪ್ರೋಗ್ರಾಮಿಂಗಲ್ಲಿ ಎಸ್‌ಎಂಡಿಆರ್ ಆನ್ ಇದ್ಯಾ ಅಂತಲೂ ನೋಡಬೇಕು, ಆಪರೇಟರ್ ಫೋನಿಂದ ಕೋಡ್ ಒತ್ತಿ ಮಾಡುವುದು, ಕೋಡ್ ನಿಮ್ಮ ಮಾಡೆಲಿನ ಮ್ಯಾನ್ಯುಯಲಲ್ಲಿ ಇರ್ತದೆ. ಬೇರೆ ಮಾಡೆಲಿನ ಕೋಡ್ ಒತ್ತಲಿಕ್ಕೆ ಹೋಗಬೇಡಿ, ಎಕ್ಸ್‌ಟೆನ್ಶನ್ ನಂಬರೆಲ್ಲ ಬದಲಾಗಿ ಹೋದದ್ದು ನೋಡಿದ್ದೇನೆ.

ಇನ್ನೊಂದು ವಿಷಯ ಈಗಲೇ ಹೇಳ್ತೇನೆ, ಆಮೇಲೆ ನಿರಾಸೆ ಆಗಬಾರದು. ಈ ಪೋರ್ಟಿಂದ ಸಾಲು ಬರುವುದು ಸಾಮಾನ್ಯವಾಗಿ ಕಾಲ್ ಮುಗಿದ ಮೇಲೆ. ರಿಂಗ್ ಆಗುವಾಗ ಹೆಸರು ಬರುವುದಕ್ಕೆ ಇದು ಸಾಲದು, ಅದು ಬೇರೆ ದಾರಿ.

ಹೊಸದಾರಿ_ಕದ್ರಿ:
ಇಷ್ಟೆಲ್ಲ ಒದ್ದಾಟ ಯಾಕೆ ಅಂತ ನನ್ನ ಅಭಿಪ್ರಾಯ. ಒಂದು ಹಳೆ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈಯಲ್ಲಿ ಆಸ್ಟೆರಿಸ್ಕ್ ಹಾಕಿ, ಕಂಪ್ಯೂಟರನ್ನೇ ಇಪಿಎಬಿಎಕ್ಸ್ ಮಾಡುವ, 1999ರಿಂದ ಇರುವ ಸಾಫ್ಟ್‌ವೇರ್, ದುಡ್ಡು ಕೊಡ್ಲಿಕ್ಕಿಲ್ಲ. ಲ್ಯಾಂಡ್‌ಲೈನನ್ನು ಎಫ್‌ಎಕ್ಸ್‌ಒ ಗೇಟ್‌ವೇಗೆ ಕೊಡಿ, ಅದು ಲೈನಿನ ಮಾತನ್ನು ನೆಟ್‌ವರ್ಕಿಗೆ ತರ್ತದೆ, ಡೆಸ್ಕ್‌ಟಾಪಲ್ಲಿ ಸಾಫ್ಟ್‌ಫೋನ್ (ಕಂಪ್ಯೂಟರಲ್ಲೇ ಫೋನಿನ ಕೆಲ್ಸ ಮಾಡುವ ಸಾಫ್ಟ್‌ವೇರ್) ಹಾಕಿದ್ರೆ ರಿಂಗ್ ಆಗುವಾಗಲೇ ನಂಬರ್ ಬರ್ತದೆ, ಹೆಡ್‌ಸೆಟ್ಟಲ್ಲಿ ಮಾತಾಡಬಹುದು. ಒಂದು ಕಾಲಿಗೆ ಒಂದೊಂದು ಕಡೆಗೆ ಸುಮಾರು 87 ಕೆಬಿಪಿಎಸ್ ಸಾಕು, ಆಫೀಸಿನ ಒಳಗಿನ ನೆಟ್‌ವರ್ಕಿಗೆ ಅದು ಏನೂ ಅಲ್ಲ.

ಆದ್ರೆ ಎರಡು ಕಡೆ ಜಾಗ್ರತೆ ಬೇಕು, ನಾನೇ ಪೆಟ್ಟು ತಿಂದಿದ್ದೇನೆ. ಒಂದು, ನಮ್ಮ ದೇಶದ ತಾಮ್ರದ ಲೈನಲ್ಲಿ ಕಾಲರ್ ಐಡಿ ಹೆಚ್ಚಾಗಿ ಡಿಟಿಎಂಎಫ್ (ಫೋನಿನ ಬಟನ್ ಒತ್ತುವಾಗ ಕೇಳುವ ಟೋನ್) ರೀತಿಯಲ್ಲಿ ಬರ್ತದೆ, ಅದೂ ಮೊದಲ ರಿಂಗಿಗಿಂತ ಮುಂಚೆ. ಗೇಟ್‌ವೇ ಅಮೆರಿಕದ ಸೆಟ್ಟಿಂಗಲ್ಲಿ ಇದ್ರೆ ಮೊದಲ ಮತ್ತು ಎರಡನೇ ರಿಂಗಿನ ನಡುವೆ ಎಫ್‌ಎಸ್‌ಕೆ ಅಂತ ಇನ್ನೊಂದು ರೀತಿಯ ಸಿಗ್ನಲ್ ಬರ್ತದೆ ಅಂತ ಕಾಯ್ತದೆ, ನಂಬರ್ ತಪ್ಪಿ ಹೋಗ್ತದೆ. ಅದನ್ನು ಬದಲಾಯಿಸ್ಬೇಕು. ಎರಡನೇದು, ಆಚೆಯವ್ರು ಫೋನಿಟ್ಟದ್ದು ಗೇಟ್‌ವೇಗೆ ಗೊತ್ತಾಗದೆ ಲೈನ್ ಹಾಗೇ ಹಿಡಿದು ಕೂತ್ಕೊಳ್ತದೆ. ನಮ್ಮ ಬ್ಯುಸಿ ಟೋನ್ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಶಬ್ದ ಮುಕ್ಕಾಲು ಸೆಕೆಂಡ್ ಮೌನ, ಆ ಲೆಕ್ಕ ಗೇಟ್‌ವೇಗೆ ಕೊಟ್ಟ ಮೇಲೆ ನಮ್ಮಲ್ಲಿ ಸರಿಯಾಯ್ತು.

ಮತ್ತೆ ನೆಟ್‌ವರ್ಕ್ ಫೋನಿನ ಕಾಲ್ ಬರುವ 5060 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡ್ಬೇಡಿ. ರಾತ್ರಿ ಯಾರೋ ಹೊರಗಿಂದ ನುಗ್ಗಿ ನಿಮ್ಮ ಲೈನಲ್ಲಿ ವಿದೇಶಕ್ಕೆ ಕಾಲ್ ಮಾಡ್ತಾರೆ, ಬಿಲ್ ನಿಮಗೆ ಬರ್ತದೆ.

ಮಣಿಪಾಲ_ಸೀರಿಯಲ್:
ಕದ್ರಿಯವರು ಹೇಳಿದ್ದೆಲ್ಲ ಸರಿ, ಆದ್ರೆ ಐಸ್ ಪ್ಲಾಂಟಿನ ರಾತ್ರಿ ಡ್ಯೂಟಿ ಹುಡುಗನಿಗೆ ಸಾಫ್ಟ್‌ಫೋನ್ ಕೊಡುವುದು ನನಗೆ ಅಷ್ಟು ಸರಿ ಕಾಣುದಿಲ್ಲ. ಅಲ್ಲಿ ಕೈ ಒದ್ದೆ ಇರ್ತದೆ, ಎತ್ತಿ ಹಲೋ ಅನ್ನುವ ಫೋನೇ ಇರಲಿ. ಇಪಿಎಬಿಎಕ್ಸ್ ಹಾಗೇ ಬಿಟ್ಟು, ರಿಂಗ್ ಆಗುವಾಗ ನಂಬರ್ ತೋರಿಸ್ಲಿಕ್ಕೆ ಲೈನಿಗೆ ಪ್ಯಾರಲಲ್ಲಾಗಿ ಕೂರುವ ಯುಎಸ್‌ಬಿ ಕಾಲರ್ ಐಡಿ ಬಾಕ್ಸ್ ಹಾಕಿದ್ರೂ ಆಗ್ತದೆ, ಡಿಟಿಎಂಎಫ್ ಓದುವಂಥದ್ದೇ ಇರಬೇಕು. ಟ್ಯಾಪಿ ಡ್ರೈವರ್ (ವಿಂಡೋಸನ್ನು ಫೋನ್ ಸಿಸ್ಟಮಿಗೆ ಜೋಡಿಸುವಂಥದ್ದು) ಅಂತ ಯಾರಾದ್ರೂ ಹೇಳಿದ್ರೆ ಒಂದು ಮಾತು ನೆನಪಿಡಿ, ಹಳೆ 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸಲ್ಲಿ ಕೂರುವುದಿಲ್ಲ.

ಮಲ್ಪೆ_ಲೆಕ್ಕ:
ಬಂತು!! 3ನೇ ಪಿನ್ನಲ್ಲಿ ಮೈನಸ್ 9 ತೋರಿಸ್ತು, ಕ್ರಾಸ್ ಕೇಬಲ್ ಹಾಕಿದೆ, 9600ರಲ್ಲಿ ಚೌಕ ಚೌಕ ಬಂತು, 2400ಕ್ಕೆ ಇಟ್ಟ ಕೂಡ್ಲೆ ಸರಿ ಬಂತು. ನನ್ನ ಮೊಬೈಲಿಂದ ಆಫೀಸಿಗೆ ಮಾಡಿ ನೋಡಿದೆ, ಇಟ್ಟು ಎರಡು ಸೆಕೆಂಡಿಗೆ ಒಂದು ಸಾಲು:

12/07 18:42 02 21 00:00:37 09845...

ಉಳಿದ ಅಂಕಿ ಅಳಿಸಿದ್ದೇನೆ. 02 ಎರಡನೇ ಲೈನು, 21 ನನ್ನ ಟೇಬಲ್ಲು. ಇಷ್ಟು ವರ್ಷ ಈ ಬಾಕ್ಸ್ ಪ್ರತಿ ಕಾಲನ್ನೂ ಹೇಳ್ತಾ ಇತ್ತು, ಕೇಳುವವ್ರು ಯಾರೂ ಇರ್ಲಿಲ್ಲ. ಎತ್ತದ ಕಾಲ್ ಕೂಡ ಬರುವ ಹಾಗೆ ಮ್ಯಾನ್ಯುಯಲ್ ನೋಡಿ ಆನ್ ಮಾಡಿದೆ, ಅದಕ್ಕೆ 00:00:00 ಬರ್ತದೆ.

ಈಗ ಎಕ್ಸೆಲ್ಲಲ್ಲಿ ನಂಬರಿಂದ ಬೋಟಿನ ಹೆಸರು ಹುಡುಕುವ ಫಾರ್ಮುಲಾ ಹಾಕಿದ್ದೇನೆ, ಆದ್ರೆ ಅರ್ಧಕ್ಕರ್ಧ ಹೆಸರು ಸಿಗುದಿಲ್ಲ, ನಂಬರ್ ನಮ್ಮ ಪಟ್ಟಿಯಲ್ಲಿ ಇದ್ರೂ. ಎಂತ ಆಗಿರ್ಬಹುದು?

ಬೈಕಂಪಾಡಿ_ವಯರಿಂಗ್:
ಎಕ್ಸೆಲ್ ಎದುರಿನ ಸೊನ್ನೆ ತೆಗ್ದುಬಿಡ್ತದೆ, ಅದೇ ಇರ್ಬೇಕು. ಕಾಲಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟು ಆಮೇಲೆ ಹಾಕಿ. ಮೊಬೈಲಿಗೆ ಎದುರು ಒಂದು ಸೊನ್ನೆ ಬರ್ತದೆ, ಕೆಲವಕ್ಕೆ 91 ಬರ್ತದೆ, ನಿಮ್ಮ ಪಟ್ಟಿಯಲ್ಲಿ ಎರಡೂ ಇಲ್ಲ. ಎರಡೂ ಕಡೆ ಕಡೆಯ 10 ಅಂಕಿ ಮಾತ್ರ ತಗೊಂಡು ಹೋಲಿಸಿ. ಊರಿನ ಲ್ಯಾಂಡ್‌ಲೈನ್ 0820 ಇಲ್ಲದೆ ಬಂದ್ರೆ ಅದನ್ನು ಬೇರೆ ನೋಡ್ಬೇಕಾಗ್ತದೆ.

ಮತ್ತೆ ಕಂಪ್ಯೂಟರ್ ಮಲಗ್ಲಿಕ್ಕೆ ಬಿಡ್ಬೇಡಿ. ಪವರ್ ಸೆಟ್ಟಿಂಗಲ್ಲಿ ಸ್ಲೀಪ್ ತೆಗೀರಿ, ಯುಎಸ್‌ಬಿ ಸಸ್ಪೆಂಡ್ ಅಂತ ಒಂದು ಉಂಟು ಅದನ್ನೂ ಆಫ್ ಮಾಡಿ. ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ್ರೆ ಪುಟ್ಟಿ ಮುಚ್ಚಿ ಹೋಗ್ತದೆ, ನಿಮಗೆ ಬೇಕಾದ ಮೂರು ನಾಲ್ಕು ಗಂಟೆಯ ಕಾಲೇ ಸಿಗುದಿಲ್ಲ, ಅದಕ್ಕೆ ಶಾರ್ಟ್‌ಕಟ್ಟನ್ನು ಸ್ಟಾರ್ಟಪ್ ಫೋಲ್ಡರಿಗೆ ಹಾಕಿ, ಲಾಗ್ ಫೈಲಿನ ಹೆಸರಲ್ಲಿ ತಾರೀಕು ಬರುವ ಹಾಗೆ ಮಾಡಿ.

ಕಟಪಾಡಿ_ಅರ್ಥ್:
ತಡವಾಗಿ ಬರೀತಿದ್ದೇನೆ, ಆದ್ರೆ ಇದು ಹೇಳದಿದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ಇಷ್ಟು ದಿನ ಸಿಡಿಲು ಬಡಿದ್ರೆ ಇಪಿಎಬಿಎಕ್ಸಿನ ಲೈನ್ ಕಾರ್ಡ್ ಮಾತ್ರ ಹೋಗ್ತಿತ್ತು. ಈಗ ನೀವು ಒಂದು ತಾಮ್ರದ ವಯರ್ ಹಾಕಿ ಅದನ್ನು ಕಂಪ್ಯೂಟರಿಗೆ ಕಟ್ಟಿದ್ದೀರಿ, ಆ ಕಂಪ್ಯೂಟರಲ್ಲಿ ನಿಮ್ಮ ಇಡೀ ಲೆಕ್ಕ ಉಂಟು. ಮಳೆಗಾಲದಲ್ಲಿ ಪರ್ವಾಗಿಲ್ಲ, ಅಕ್ಟೋಬರಲ್ಲಿ ಸಂಜೆ ಗುಡುಗು ಶುರು ಆಗುವಾಗ ಗೊತ್ತಾಗ್ತದೆ, ಮತ್ತೆ ಏಪ್ರಿಲ್ ಮೇಯಲ್ಲಿ. ನಮ್ಮ ಅಕ್ಕನ ಮನೆ ಹತ್ರದ ಒಂದು ಆಫೀಸಲ್ಲಿ ಹೀಗೇ ಫೋನಿನ ದಾರಿಯಿಂದ ಬಂದ ಪೆಟ್ಟಿಗೆ ಮದರ್‌ಬೋರ್ಡು, ಹಾರ್ಡ್ ಡಿಸ್ಕು ಎರಡೂ ಹೋಯ್ತು, ಆರು ವರ್ಷದ ಲೆಕ್ಕ.

ಸೀರಿಯಲ್ ಪೋರ್ಟಿಗೆ ಆಪ್ಟೋ ಐಸೊಲೇಟರ್ ಅಂತ ಸಿಗ್ತದೆ, ಅದರೊಳಗೆ ಡೇಟಾ ಬೆಳಕಲ್ಲಿ ದಾಟ್ತದೆ, ತಾಮ್ರ ತಾಮ್ರಕ್ಕೆ ತಾಗುದಿಲ್ಲ. ಅದು ಹಾಕಿ. ಹೊರಗಿಂದ ಲೈನ್ ಬರುವ ಎಂಡಿಎಫ್ ಬಾಕ್ಸಲ್ಲಿ ಗ್ಯಾಸ್ ಟ್ಯೂಬ್ ಪ್ರೊಟೆಕ್ಟರ್ ಹಾಕಿಸಿ, ಅದರ ಅರ್ಥ್ ವಯರ್ ನಿಜವಾಗಿ ನೆಲಕ್ಕೆ ಹೋಗ್ತದಾ ನೋಡಿ. ಮಲ್ಪೆ ಕಡೆ ಅರ್ಥ್ ಕಂಬಿಯೇ ಉಪ್ಪಿಗೆ ಕರಗಿ ಹೋಗಿರ್ತದೆ, ಮೇಲೆ ಕ್ಲಾಂಪ್ ಚಂದ ಕಾಣ್ತದೆ, ಮಣ್ಣಿನ ಒಳಗೆ ಎಂತದೂ ಇರುದಿಲ್ಲ. ಅಗೆದು ನೋಡಿ. ನಿಮ್ಮ ಯಾವುದಾದ್ರೂ ಲೈನ್ ಫೈಬರಿಗೆ ಬದಲಾಗಿದ್ರೆ ಹೊರಗಿನ ಸಿಡಿಲು ಆ ದಾರಿಯಲ್ಲಿ ಬರುದಿಲ್ಲ, ಆದ್ರೆ ಮೋಡೆಮ್ಮಿಗೆ ಯುಪಿಎಸ್ ಬೇಕು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಕರೆಂಟ್ ಬರ್ತಿತ್ತು, ಫೈಬರಲ್ಲಿ ಆಫೀಸಿನ ಕರೆಂಟ್ ಹೋದ್ರೆ ಫೋನೂ ಹೋಯ್ತು.

ಮಲ್ಪೆ_ಲೆಕ್ಕ:
ಅಗೆದು ನೋಡಿದೆವು. ನೀವು ಹೇಳಿದ ಹಾಗೇ, ಒಂದು ಗೇಣು ಕೆಳಗೆ ಕಂಬಿ ಪೆನ್ಸಿಲಿನಷ್ಟು ಸಪೂರ ಆಗಿ ಅಲ್ಲಿಂದ ಮುಂದೆ ಇಲ್ಲವೇ ಇಲ್ಲ. ಓನರ್ ಸ್ವತಃ ಬಂದು ನೋಡಿದ್ರು, ಹೊಸ ಅರ್ಥ್ ಹಾಕ್ಲಿಕ್ಕೆ ಅವತ್ತೇ ಜನ ಕರೆಸಿದ್ರು. ಐಸೊಲೇಟರ್ ಆರ್ಡರ್ ಮಾಡಿದ್ದೇನೆ, ಅದು ಬರುವವರೆಗೆ ಗುಡುಗು ಕೇಳಿದ್ರೆ ಕೇಬಲ್ ಎಳೀಲಿಕ್ಕೆ ಹೇಳಿದ್ದೇನೆ, ಲೆಕ್ಕದ ಕಾಪಿ ದಿನಾ ಸಂಜೆ ಹೊರಗಿನ ಡಿಸ್ಕಿಗೆ ತೆಗೀತಿದ್ದೇನೆ. ಎರಡು ಲೈನ್ ಫೈಬರೇ, ಮೋಡೆಮ್ಮಿಗೂ ಯುಪಿಎಸ್ ಕೊಟ್ಟಾಯ್ತು.

ಕಡೆಯ 10 ಅಂಕಿ ತಗೊಂಡ ಮೇಲೆ ಹೆಸರೆಲ್ಲ ಸಿಗ್ತಾ ಉಂಟು, 140 ಬೋಟಿನ ಪಟ್ಟಿ, ತಾಂಡೇಲರ ನಂಬರು, ಓನರ ನಂಬರು ಎರಡೂ ಹಾಕಿದ್ದೇನೆ. ರಿಂಗ್ ಆಗುವಾಗ ಹೆಸರು ಬರುವ ಬಾಕ್ಸು ಈ ಸೀಸನ್ ನೋಡಿ ಆಮೇಲೆ. ಮೊನ್ನೆ ಆ ಮೂರು ಸಲ ಫೋನ್ ಮಾಡಿದ ತಾಂಡೇಲರ ಮನೆಗೆ ಹೋಗಿದ್ದೆ, ಬಲೆ ಸರಿ ಮಾಡ್ತಾ ಕೂತಿದ್ರು, ವಿಷಯ ಹೇಳಿದೆ. ಈಗ ಎತ್ತದಿದ್ರೂ ಗೊತ್ತಾಗ್ತದಾ ಅಂತ ಕೇಳಿದ್ರು. ಗೊತ್ತಾಗ್ತದೆ, ನಾನೇ ತಿರುಗಿ ಮಾಡ್ತೇನೆ ಅಂದೆ. ಒಂದನೇ ತಾರೀಕಿನ ಐಸ್ ನಮ್ಮಲ್ಲೇ ಹೇಳಿದ್ದಾರೆ.