ಅಪ್‌ಡೇಟ್: ಮಳೆಯಲ್ಲಿ 4×5 ಕ್ಯಾಮೆರಾ, ಕಾಪು ಬೀಚ್

ಮಳೆಗಾಲದಲ್ಲಿ 4×5 ಕ್ಯಾಮೆರಾವನ್ನು (4×5 ಇಂಚಿನ ಫಿಲ್ಮ್ ಶೀಟ್ ಒಂದೊಂದಾಗಿ ಹಾಕುವ ದೊಡ್ಡ ಕ್ಯಾಮೆರಾ) ಕಡಲ ಹತ್ತಿರ ಒಯ್ಯುವುದು ಹೇಗೆ ಅಂತ ಕೇಳಿದ್ದೆ ಅಲ್ವಾ, ನಿನ್ನೆ ಕಾಪುವಿಗೆ ಹೋಗಿ ಬಂದೆ. ಕೊಡೆ ಹಿಡಿಯಲು ತಮ್ಮ ಇದ್ದ, ಆದರೆ ಗಾಳಿಗೆ ಮಳೆ ಅಡ್ಡ ಹೊಡೆಯುತ್ತದೆ, ಕೊಡೆ ಸಾಲುವುದಿಲ್ಲ. ಕಾಪಾಡಿದ್ದು ನೀವು ಹೇಳಿದ ಟಾರ್ಪಾಲಿನ ತುಂಡು. ಬೆಲೋಸ್ (ಲೆನ್ಸ್ ಹಿಂದಿನ ಮಡಿಕೆ ಮಡಿಕೆಯ ಚೀಲ) ಮೇಲೆ ಹೊದಿಸಿ ಕ್ಲಿಪ್ ಹಾಕಿದೆ, ಡಾರ್ಕ್ ಸ್ಲೈಡ್ (ಫಿಲ್ಮಿಗೆ ಬೆಳಕು ಬೀಳದಂತೆ ಮುಚ್ಚುವ ತೆಳು ಹಲಗೆ) ಎಳೆಯುವವರೆಗೂ ತೆಗೆಯಲಿಲ್ಲ. ಫಿಲ್ಮ್ ಶೀಟ್ ತುಂಬಿದ ಹೋಲ್ಡರ್‌ಗಳನ್ನು ಒಂದೊಂದಾಗಿ ಜಿಪ್ ಕವರಿನಲ್ಲಿ ಇಟ್ಟಿದ್ದೆ, ಒಂದೂ ಒದ್ದೆಯಾಗಲಿಲ್ಲ.

ಒಂದು ತಪ್ಪಾಯಿತು. ಎಸಿ ಕಾರಿನಿಂದ ಸೀದಾ ಹೊರಗೆ ತೆಗೆದೆ, ಲೆನ್ಸ್, ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಹಿಂದಿನ ಗಾಜು) ಎರಡೂ ಮಬ್ಬಾಗಿ 20 ನಿಮಿಷ ಸುಮ್ನೆ ಕಾಯಬೇಕಾಯಿತು. ದಾರಿಯಲ್ಲೇ ಎಸಿ ಆಫ್ ಮಾಡಿ.

ಮನೆಗೆ ಬಂದು ಟ್ರೈಪಾಡಿನ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬೆಲೋಸ್ ಪೂರ್ತಿ ಬಿಡಿಸಿ ಫ್ಯಾನಿನ ಕೆಳಗೆ ಇಟ್ಟಿದ್ದೇನೆ, ಹಸಿಯಾಗಿ ಮಡಚಿದರೆ ನಮ್ಮೂರಲ್ಲಿ ಬೂಷ್ಟು ಗ್ಯಾರಂಟಿ. ಕಾಪು ಬೀಚಿನ 1901ರ ದೀಪಸ್ತಂಭದ 4 ಶೀಟ್ ಸಿಕ್ಕಿದೆ. ಡೆವಲಪ್ ಮಾಡಿ ತೋರಿಸುತ್ತೇನೆ.