ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಡಿವಿಆರ್ ಸಿಗ್ತಿಲ್ಲ, ನಿಮ್ಮ ಅನುಭವ ಹೇಳಿ

ನವನಗರದವ, ಈಗ ಪುಣೆ
ನಮಸ್ಕಾರ್ರೀ. ಬಾಗಲಕೋಟೆ ನವನಗರದ ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ ಇದ್ದಾರೆ. ನಾಲ್ಕು ಕ್ಯಾಮೆರಾ, ಅವುಗಳ ವಿಡಿಯೋ ರೆಕಾರ್ಡ್ ಮಾಡುವ ಒಂದು ಡಿವಿಆರ್ ಹಾಕಿಸಿದ್ದೇನೆ. ರಜೆಗೆ ಹೋದಾಗ ರೂಟರ್‌ನಲ್ಲಿ 8000 ಪೋರ್ಟ್ ಡಿವಿಆರ್‌ಗೆ ಫಾರ್ವರ್ಡ್ ಮಾಡಿ ಬಂದೆ, ಅಂದರೆ ಹೊರಗಿನಿಂದ ಆ ನಂಬರಿನ ಬಾಗಿಲಿಗೆ ಬಂದದ್ದು ನೇರ ಡಿವಿಆರ್‌ಗೆ ಹೋಗುವಂತೆ. ಮನೆಯ ವೈಫೈನಲ್ಲಿ ಎಲ್ಲ ಕಾಣುತ್ತದೆ, ಪುಣೆಯಿಂದ ಏನೂ ಬರುವುದಿಲ್ಲ. ಕಂಪನಿಯ ಕ್ಲೌಡ್ ಆಪ್ ನನಗೆ ಬೇಡ. ನೀವೆಲ್ಲ ಹೇಗೆ ಮಾಡಿದ್ದೀರಿ?

ಶಹಾಪುರ, ಬೆಳಗಾವಿ
ಅಣ್ಣಾ, ಇದೇ ಕೆಲಸಕ್ಕೆ ನಾನು ಹನ್ನೊಂದು ದಿನ ಕಳೆದಿದ್ದೇನೆ. ನಮ್ಮದು ಆರು ಪವರ್‌ಲೂಮ್ ಇರುವ ಶೆಡ್. ರೂಲ್ ಅಳಿಸಿ ಮತ್ತೆ ಹಾಕಿದೆ, ಡಿಎಂಝಡ್ (ಎಲ್ಲ ಪೋರ್ಟ್‌ಗಳನ್ನೂ ಒಂದೇ ಯಂತ್ರಕ್ಕೆ ಬಿಡುವುದು) ಹಾಕಿದೆ, ಫೈರ್‌ವಾಲ್ ತೆಗೆದೆ. ರೂಟರ್ ಕೆಟ್ಟಿದೆ ಅಂತ 3,400 ಕೊಟ್ಟು ಹೊಸದು ತಂದೆ. ಆ ದುಡ್ಡು ನೀರಲ್ಲಿ ಹೋಯಿತು. ನೆಟ್‌ನವರಿಗೆ ಮೂರು ಸಲ ಫೋನ್ ಮಾಡಿದರೆ ಮೂರು ಸಲವೂ "ರೀಸ್ಟಾರ್ಟ್ ಮಾಡಿ ನೋಡಿ" ಅಂದರು.

ಕೊನೆಗೆ ರೂಟರ್‌ನ ವ್ಯಾನ್ ಐಪಿ, ಅಂದರೆ ಹೊರಗಿನ ನೆಟ್ ಕಡೆಯಿಂದ ಅದಕ್ಕೆ ಸಿಕ್ಕ ವಿಳಾಸ, ನೋಡಿದೆ. 100.81ರಿಂದ ಶುರುವಾಗಿತ್ತು. ಐಪಿ ತೋರಿಸುವ ಸೈಟ್‌ನಲ್ಲಿ ಬೇರೆಯೇ ನಂಬರ್. ಆವಾಗ ಗೊತ್ತಾಯಿತು, ಇದು ಸಿಜಿನ್ಯಾಟ್. 100.64ರಿಂದ 100.127ರವರೆಗಿನ ನಂಬರ್ ಕಂಡರೆ ಅದೇ. ಒಂದು ಪಬ್ಲಿಕ್ ಐಪಿಯ ಹಿಂದೆ ಎಷ್ಟೋ ಮನೆಗಳನ್ನು ಕೂರಿಸಿರುತ್ತಾರೆ. ನೀವು ನಿಮ್ಮ ಮನೆ ಬಾಗಿಲು ತೆರೆದಿದ್ದೀರಿ, ಓಣಿಯ ಗೇಟು ಅವರ ಕೈಲಿದೆ. ನಾನು ಸ್ಟ್ಯಾಟಿಕ್ ಐಪಿ, ಅಂದರೆ ನಮಗೇ ಮೀಸಲಾದ ಬದಲಾಗದ ಪಬ್ಲಿಕ್ ಐಪಿ, ತಗೊಂಡೆ. ವರ್ಷಕ್ಕೆ 2,500, ಮೇಲೆ ಜಿಎಸ್‌ಟಿ 450. ಎರಡು ವರ್ಷಕ್ಕೆ 5,900 ಆಯಿತು. ಮಗ್ಗದ ಮುಂದೆ ಯಾರು ನಿಂತಿದ್ದಾರೆ ಅಂತ ಈಗ ಎಲ್ಲಿಂದ ಬೇಕಾದರೂ ನೋಡ್ತೇನೆ.

ಇಳಕಲ್, ಸೀರೆ ಅಂಗಡಿ
ಸ್ಟ್ಯಾಟಿಕ್ ಐಪಿ ತಗೊಳ್ಳಿ ಅಂತ ಸುಮ್ನೆ ಹೇಳಬೇಡಿ. ನಾನೂ ತಗೊಂಡಿದ್ದೆ. ಮನೆಯಿಂದ ಅಂಗಡಿಯ ಟ್ಯಾಲಿ ನೋಡಬೇಕಿತ್ತು. ಕಂಪ್ಯೂಟರ್ ಹುಡುಗ ರಿಮೋಟ್ ಡೆಸ್ಕ್‌ಟಾಪ್‌ಗೆ 3389 ಪೋರ್ಟ್ ತೆರೆದು ಕೊಟ್ಟ. ಆಮೇಲೆ "ಅಕ್ಕಾ, ಭದ್ರ ಇರಲಿ" ಅಂತ ಅದನ್ನೇ 33890 ಮಾಡಿದ. ಒಂದು ಸೋಮವಾರ ಬೆಳಿಗ್ಗೆ ಅಂಗಡಿ ತೆರೆದರೆ ಪ್ರತಿ ಫೈಲ್‌ನ ಹೆಸರಿನ ಬಾಲಕ್ಕೆ ಏನೋ ಅಕ್ಷರ ಅಂಟಿತ್ತು. ಒಂದೂ ತೆರೆಯಲಿಲ್ಲ. ಪರದೆ ಮೇಲೆ ದುಡ್ಡು ಕೇಳುವ ಚೀಟಿ. ಬ್ಯಾಕಪ್ ಇಟ್ಟ ಪೆನ್‌ಡ್ರೈವ್ ಅದೇ ಕಂಪ್ಯೂಟರ್‌ಗೆ ಚುಚ್ಚಿತ್ತು, ಅದೂ ಹೋಯಿತು.

ಹದಿನಾಲ್ಕು ತಿಂಗಳ ಲೆಕ್ಕ. ಬಿಲ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮತ್ತೆ ಎಂಟ್ರಿ ಮಾಡಿಸಲು 22,000 ಕೊಟ್ಟೆ. ನೇಕಾರರಿಗೆ ಕೊಟ್ಟ ಮುಂಗಡದ ಲೆಕ್ಕ ಕೆಲವು ಇವತ್ತಿಗೂ ಕೂಡಿಲ್ಲ. ಆ ಜಗಳ ನಾನು ಅನುಭವಿಸಿದ್ದೇನೆ. ಪೋರ್ಟ್ ನಂಬರ್ ಬದಲಿಸಿದರೆ ಯಾರಿಗೂ ಸಿಗಲ್ಲ ಅನ್ನುವುದು ಸುಳ್ಳು. ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುವ ಯಂತ್ರಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ.

ಶಹಾಪುರ, ಬೆಳಗಾವಿ
ಅಕ್ಕಾರ, ನಿಮ್ಮ ನಷ್ಟಕ್ಕೆ ಬೇಜಾರಿದೆ. ಆದರೆ ನಿಮ್ಮ ಹುಡುಗನ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ. ನನ್ನದು ಬರೀ ಡಿವಿಆರ್. ಪಾಸ್‌ವರ್ಡ್ 16 ಅಕ್ಷರ ಇದೆ.

ಇಳಕಲ್, ಸೀರೆ ಅಂಗಡಿ
ಬರೀ ಡಿವಿಆರ್ ಅಂದರೇನ್ರೀ? 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹಬ್ಬಿದ್ದು ಇಂಥ ಕ್ಯಾಮೆರಾ, ಡಿವಿಆರ್‌ಗಳಲ್ಲೇ. ನಿಮ್ಮ ಪಾಸ್‌ವರ್ಡ್ ಗಟ್ಟಿ ಇರಬಹುದು. ಒಳಗಿನ ಸಾಫ್ಟ್‌ವೇರ್‌ನಲ್ಲೇ ತೂತಿದ್ದರೆ ಪಾಸ್‌ವರ್ಡ್ ಏನು ಮಾಡುತ್ತದೆ? ಅಪ್‌ಡೇಟ್ ಯಾವಾಗ ಹಾಕಿದ್ದೀರಿ, ಹೇಳಿ.

ತಿಕೋಟಾ, ದ್ರಾಕ್ಷಿ ತೋಟ
ಇಬ್ಬರೂ ಸ್ವಲ್ಪ ತಡೀರಿ. ನಮ್ಮ ಒಣದ್ರಾಕ್ಷಿ ಶೆಡ್ ಊರಿಂದ ದೂರ ಇದೆ, ಸಿಮ್ ರೂಟರ್ ಬಿಟ್ಟರೆ ಬೇರೆ ನೆಟ್ ಇಲ್ಲ. ಸಿಮ್‌ಗೆ ಸ್ಟ್ಯಾಟಿಕ್ ಐಪಿ ಯಾರೂ ಕೊಡಲಿಲ್ಲ. ಮಾಲು ರ‍್ಯಾಕ್ ಮೇಲೆ ಇರುವ ದಿನಗಳಲ್ಲಿ ರಾತ್ರಿ ಕಣ್ಣು ಮುಚ್ಚಲು ಆಗುವುದಿಲ್ಲ. ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಇಟ್ಟು ಅದರಲ್ಲಿ ಟೇಲ್‌ಸ್ಕೇಲ್ (ಒಂದು ಕಂಪನಿಯ ವಿಪಿಎನ್, ಅಂದರೆ ನಮ್ಮ ಯಂತ್ರಗಳನ್ನಷ್ಟೇ ಜೋಡಿಸುವ ಖಾಸಗಿ ದಾರಿ) ಹಾಕಿದೆ. ಶೆಡ್‌ನ ಕಡೆಯಿಂದಲೇ ಸಂಪರ್ಕ ಹೊರಗೆ ಹೋಗುತ್ತದೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಒಂದು ಪೋರ್ಟೂ ತೆರೆದಿಲ್ಲ.

ಖರ್ಚು ಮುಚ್ಚಿಡುವುದಿಲ್ಲ. ಪೈ, ಅಡಾಪ್ಟರ್, ಡಬ್ಬಿ ಸೇರಿ 6,800. ಮೆಮೊರಿ ಕಾರ್ಡ್ ಎರಡು ಸತ್ತವು. ಎರಡನೆಯದು ಏಪ್ರಿಲ್‌ನಲ್ಲಿ, ಮಾಲು ತುಂಬಿದಾಗಲೇ. ರಾತ್ರಿ ಹನ್ನೊಂದಕ್ಕೆ ಬೈಕ್ ತಗೊಂಡು ಹೋದೆ. ಟಾರ್ಚ್ ಬಾಯಲ್ಲಿ ಹಿಡಿದು ಕಾರ್ಡ್ ಬದಲಿಸಿದೆ. ತಗಡಿನ ಶೆಡ್ ಆ ಹೊತ್ತಿಗೂ ಕಾವು ಬಿಟ್ಟಿರಲಿಲ್ಲ. ಈಗ ಎಸ್‌ಎಸ್‌ಡಿ ಹಾಕಿದ್ದೇನೆ.

ಉದ್ಯಮಬಾಗ, ಬೆಳಗಾವಿ
ನಮ್ಮ ಮನೆಯ ದಾರಿ ಬೇರೆಯವರ ಸರ್ವರ್ ಕೇಳಿ ತೆರೆಯಬೇಕಾ? ನಾಳೆ ಆ ಕಂಪನಿ ಬಾಗಿಲು ಹಾಕಿದರೆ? ನನ್ನ ರೂಟರ್‌ನಲ್ಲೇ ವೈರ್‌ಗಾರ್ಡ್ ಅನ್ನುವ ವಿಪಿಎನ್ ಇದೆ, 51820 ಯುಡಿಪಿ ಪೋರ್ಟ್ ಒಂದೇ ತೆರೆದಿದ್ದೇನೆ. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ.

ಸಿಜಿನ್ಯಾಟ್ ಒಂದೇ ಕಾರಣ ಅಂತಲೂ ತಿಳಿಯಬೇಡಿ. ನನಗೆ ಕಾಡಿದ್ದು ಡಬಲ್ ನ್ಯಾಟ್. ನೆಟ್‌ನವರ ಫೈಬರ್ ಡಬ್ಬಿಯೇ ಒಂದು ರೂಟರ್, ಅದರ ಹಿಂದೆ ನನ್ನದೊಂದು. ನನ್ನದರಲ್ಲಿ ವ್ಯಾನ್ ಐಪಿ 192.168 ಅಂತ ತೋರಿಸುತ್ತಿತ್ತು. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಅದು ರೂಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವಂತೆ) ಹಾಕಿಸಲು ಇಪ್ಪತ್ತು ದಿನ ಅಲೆದೆ. ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಪಾಸ್‌ವರ್ಡ್ ಕೇಳಿದರೆ ಲೈನ್‌ಮ್ಯಾನ್‌ಗೇ ಗೊತ್ತಿರಲಿಲ್ಲ. ಇನ್ನೊಂದು, ಡಿವಿಆರ್‌ಗೆ ಮನೆಯೊಳಗಿನ ಐಪಿ ಕಾಯಂ ಮಾಡದೆ ರೂಲ್ ಹಾಕಿದರೆ, ಕರೆಂಟ್ ಹೋಗಿ ಬಂದ ಮೇಲೆ ರೂಲ್ ಬೇರೆ ಯಾರದೋ ಫೋನ್‌ಗೆ ತೋರಿಸುತ್ತಿರುತ್ತದೆ.

ತಿಕೋಟಾ, ದ್ರಾಕ್ಷಿ ತೋಟ
ಸರ್, ಸಿಮ್ ರೂಟರ್‌ನಲ್ಲಿ ನಿಮ್ಮ 51820 ತೆರೆದು ತೋರಿಸಿ. ನಾನು ನಿಮ್ಮ ಹೊಲಕ್ಕೆ ಬಂದು ಕೂಲಿ ಮಾಡ್ತೇನೆ. ಫೈಬರ್ ಮನೆ ಬಾಗಿಲಿಗೆ ಬಂದವರು ಹೀಗೇ ಮಾತಾಡ್ತಾರೆ.

ಉದ್ಯಮಬಾಗ, ಬೆಳಗಾವಿ
ನಾನು ಸಿಮ್ ಮಾತೇ ಎತ್ತಿಲ್ಲ. ಕೇಳಿದವರ ಮನೆ ಇರುವುದು ನವನಗರದಲ್ಲಿ, ನಿಮ್ಮ ಶೆಡ್‌ನಲ್ಲಿ ಅಲ್ಲ.

ನವನಗರದವ, ಈಗ ಪುಣೆ
ಜಗಳ ಬೇಡ್ರೀ. ಈಗಷ್ಟೇ ಅಪ್ಪನಿಗೆ ಫೋನ್ ಮಾಡಿ ರೂಟರ್ ಪೇಜ್ ತೆರೆಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು. "ನೂರು, ಚುಕ್ಕಿ, ತೊಂಬತ್ತೊಂದು, ಚುಕ್ಕಿ..." ಅಲ್ಲಿಗೇ ಸಾಕು ಅಂದೆ. ಶಹಾಪುರದ ಅಣ್ಣ ಹೇಳಿದ್ದೇ ನಿಜ. 8000ದ ರೂಲ್ ಅಪ್ಪನ ಕೈಯಿಂದಲೇ ತೆಗೆಸಿದೆ. ಪೈ ಕೊಂಡು ದೀಪಾವಳಿಗೆ ಊರಿಗೆ ಹೋದಾಗ ಇಡ್ತೇನೆ. ಕರೆಂಟ್ ಹೋದರೆ ಏನು ಮಾಡ್ತೀರಿ?

ಶಹಾಪುರ, ಬೆಳಗಾವಿ
ರೂಟರ್‌ಗೆ ಬರುವ 1,300 ರೂಪಾಯಿಯ ಚಿಕ್ಕ ಯುಪಿಎಸ್ ಇದೆ, ಅದನ್ನೇ ಹಾಕಿ. ಮತ್ತೆ ಅಕ್ಕಾರ, ಡಿವಿಆರ್ ಅಪ್‌ಡೇಟ್ ಇವತ್ತು ನೋಡಿದೆ. ಕಂಪನಿಯದು ಹೊಸದು ಬಂದೇ ಇಲ್ಲ, ನಾನೇನು ಮಾಡಲಿ?

ಇಳಕಲ್, ಸೀರೆ ಅಂಗಡಿ
ಪೋರ್ಟ್ ಮುಚ್ಚಿ. ಇವತ್ತೇ.

ತಿಕೋಟಾ, ದ್ರಾಕ್ಷಿ ತೋಟ
ಆ ಚಿಕ್ಕ ಯುಪಿಎಸ್ ತಗೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದದ್ದು ಓದಿ. ನನ್ನ ರೂಟರ್‌ಗೆ 12 ವೋಲ್ಟ್, 2 ಆಂಪ್ ಬೇಕಿತ್ತು, ತಂದದ್ದು 1 ಆಂಪ್‌ನದು. ಹತ್ತು ನಿಮಿಷಕ್ಕೊಮ್ಮೆ ರೂಟರ್ ಆಫ್ ಆಗಿ ಆನ್ ಆಗುತ್ತಿತ್ತು. ನಾನು ವಾರವಿಡೀ ಸಿಮ್‌ಗೆ ಬೈದೆ. ಪೈಗೆ 5 ವೋಲ್ಟ್ ಬೇಕು, ಪೈಯನ್ನು ಯುಪಿಎಸ್‌ನ ಆ 12 ವೋಲ್ಟ್ ಪಿನ್ನಿಗೆ ಸೇರಿಸಬೇಡಿ.