ಅಪ್‌ಡೇಟ್: ಅಮ್ಮನ ಸೊರಗಿದ ತೊಡೆಗೆ ಪ್ರೋಟೀನ್ ಪುಡಿ

ಸೊಂಟದ ಆಪರೇಷನ್ ಆಗಿ ಮಲಗಿದ ಮೇಲೆ ಅಮ್ಮನ (72 ವರ್ಷ, 50 ಕೆಜಿ) ತೊಡೆ ಸೊರಗಿದೆ, ಪ್ರೋಟೀನ್ ಪುಡಿ ಕೊಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಡಾಕ್ಟರು ಒಪ್ಪಿದ ಕ್ರಮ ಇದು.

ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ, ಅಂದರೆ ದಿನಕ್ಕೆ 60–75 ಗ್ರಾಂ ಪ್ರೋಟೀನ್. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಹೊಂದದು. ಮೊದಲು ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ಆಗಲೇಬೇಕು. ಕೊರತೆ ಇದ್ದದ್ದು ಬೆಳಗಿನ ತಿಂಡಿಯಲ್ಲಿ: ಎರಡು ಇಡ್ಲಿ, ಚಟ್ನಿ ಸೇರಿದರೂ ಪ್ರೋಟೀನ್ ಐದಾರು ಗ್ರಾಂ ಅಷ್ಟೇ. ವಯಸ್ಸಾದ ಸ್ನಾಯುವಿಗೆ ಒಂದು ಹೊತ್ತಿಗೆ 25 ಗ್ರಾಂನಷ್ಟು ಬೇಕು. ಹಾಗಾಗಿ 30 ಗ್ರಾಂ ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿ ತಿಂಡಿಯ ಜೊತೆಗೇ, ರಾತ್ರಿ ಹಾಲಿಗಲ್ಲ.

ಕುದಿಯುವ ರಾಗಿ ಗಂಜಿಗೆ ಪುಡಿ ಸುರಿದರೆ ಬೆಂದ ಮೊಟ್ಟೆಯ ಬಿಳಿಯಂತೆ ಗಂಟುಗಟ್ಟುತ್ತದೆ. ಅರ್ಧ ಲೋಟ ತಣ್ಣೀರಲ್ಲಿ ಕದಡಿ, ಗಂಜಿ ಉಗುರುಬೆಚ್ಚಗಾದ ಮೇಲೆ ಬೆರೆಸಿ. ಹೊಟ್ಟೆ ಉಬ್ಬರಿಸಿದರೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆ ಇರುವ, ಹೆಚ್ಚು ಶುದ್ಧಗೊಳಿಸಿದ ವೇ ಆದ ಐಸೊಲೇಟ್ ಒಳ್ಳೆಯದು.

ಇದರ ಜೊತೆಗೆ ಕ್ರಿಯಾಟಿನ್ ಮಾನೋಹೈಡ್ರೇಟ್ (ಸ್ನಾಯುವಿನ ಶಕ್ತಿಗೆ ಕೊಡುವ ಇನ್ನೊಂದು ಪೂರಕ ಪುಡಿ) ದಿನಕ್ಕೆ 3 ಗ್ರಾಂ. ಕಿಡ್ನಿ ಸರಿ ಇದ್ದರೂ ಇದರಿಂದ ರಕ್ತದ ಕ್ರಿಯಾಟಿನಿನ್ ತುಸು ಏರಬಹುದು. ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ತಿಳಿಸಿ. ಮೊದಲ ವಾರಗಳಲ್ಲಿ ಏರುವ ತೂಕ ಬಹುಪಾಲು ನೀರು, ಮಾಂಸಖಂಡವಲ್ಲ.

ವ್ಯಾಯಾಮವಿಲ್ಲದೆ ಪುಡಿಯಿಂದ ಹೆಚ್ಚೇನೂ ಆಗದು. ಫಿಸಿಯೋ ಒಪ್ಪಿದ ಮೇಲೆ, ಗೋಡೆಗೆ ಒರಗಿಸಿದ ಕುರ್ಚಿಯಿಂದ ಎಂಟು ಸಲ ಎದ್ದು ಕೂರುವುದು, ದಿನಕ್ಕೆ ಮೂರು ಹೊತ್ತು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು.